ಬೀದಿಗೆ ಹೊಸ ಹೆಸರು: ಮೂಲನಿವಾಸಿಗಳ ಜೊತೆ ಕೂತು ಇಡುವುದು ಹೇಗೆ?

ಕೆನಡಾದ ವ್ಯಾಂಕೂವರ್‌ನ ಕಿಟ್ಸಿಲಾನೊ ಭಾಗದಲ್ಲಿ ಟ್ರಚ್ ಸ್ಟ್ರೀಟ್ ಎಂಬ ಬೀದಿಯಿತ್ತು. 2025ರ ಜೂನ್‌ನಲ್ಲಿ ಆ ಹೆಸರು ಹೋಗಿ, ಆ ನೆಲದ ಮಸ್ಕ್ವಿಯಮ್ ಜನ ಕೊಟ್ಟ ಹೆಸರು ಬಂತು. ಹೆಸರು ತೆಗೆಯುವ ಮಾತು ಪಾಲಿಕೆಗೆ ಬಂದದ್ದು 2021ರಲ್ಲಿ, ಹೊಸ ಹೆಸರು ಸಿಕ್ಕಿದ್ದು 2022ರಲ್ಲಿ. ಒಂದು ನಾಮಫಲಕಕ್ಕೆ ಇಷ್ಟು ವರ್ಷ ಬೇಕೇ ಎಂದು ಕೇಳುವವರು ಈ ಕೆಲಸದ ಒಳಗನ್ನು ಒಮ್ಮೆ ನೋಡಬೇಕು. ಕೆನಡಾದಲ್ಲಿ ಮನೆ ಮಾಡಿರುವ ಕನ್ನಡಿಗರ ಬಾಗಿಲಿಗೂ ‘ನಿಮ್ಮ ಬೀದಿಯ ಹೆಸರು ಬದಲಾಗಲಿದೆ’ ಎಂಬ ಪತ್ರ ಬರಬಹುದು. ಆಗ ಇದು ಹೇಗೆ ನಡೆಯಬೇಕು ಎಂಬುದು ಗೊತ್ತಿದ್ದರೆ ಒಳ್ಳೆಯದು. ಕೆಳಗಿನ ಹಂತಗಳು ಪಾಲಿಕೆಯವರನ್ನು ಉದ್ದೇಶಿಸಿ ಹೇಳಿದವು.

1. ನೆಲ ಯಾರದು ಎಂದು ಮೊದಲು ತಿಳಿಯಿರಿ

‘ಮೂಲನಿವಾಸಿಗಳು’ ಎಂಬ ಒಂದೇ ಗುಂಪಿಲ್ಲ. ವ್ಯಾಂಕೂವರ್ ಇರುವುದು ಮಸ್ಕ್ವಿಯಮ್, ಸ್ಕ್ವಾಮಿಶ್, ಟ್ಸ್ಲೇ-ವಾಟೂತ್ ಎಂಬ ಮೂರು ಜನಾಂಗಗಳ ನೆಲದಲ್ಲಿ. ಯಾವ ಒಪ್ಪಂದದಲ್ಲೂ ಅವರು ಬಿಟ್ಟುಕೊಡದ ನೆಲವಿದು ಎಂದು 2014ರಲ್ಲಿ ಪಾಲಿಕೆಯೇ ಒಪ್ಪಿಕೊಂಡಿದೆ. ಈ ಮೂವರಿಗೂ ತಮ್ಮದೇ ಆಡಳಿತ ಮಂಡಳಿಗಳಿವೆ. ಹಾಗಾಗಿ ಪತ್ರ ಹೋಗಬೇಕಾದದ್ದು ಮೇಯರ್‌ರಿಂದ ಆ ಮುಖ್ಯಸ್ಥರಿಗೆ, ಒಂದು ಸರ್ಕಾರ ಇನ್ನೊಂದಕ್ಕೆ ಬರೆಯುವ ರೀತಿಯಲ್ಲಿ. ಊರಿನಲ್ಲಿ ನೆಲೆಸಿರುವ ಬೇರೆ ಜನಾಂಗದವರ ಮಾತನ್ನೂ ಕೇಳಬೇಕು. ಆದರೆ ಹೆಸರಿನ ಕೊನೆಯ ಮಾತು ನೆಲದವರದು.

ಒಂದು ಊರಿನ ಹೆಸರನ್ನು ಇನ್ನೊಂದಕ್ಕೆ ಎತ್ತಿ ತರುವಂತಿಲ್ಲ. ವಿಕ್ಟೋರಿಯಾ ನಗರದಲ್ಲೂ ಟ್ರಚ್ ಹೆಸರಿನ ಬೀದಿಯಿತ್ತು. 2022ರಲ್ಲಿ ಅದಕ್ಕೆ ಅಲ್ಲಿಯ ಲೆಕ್ವಂಗನ್ ಭಾಷೆಯಲ್ಲಿ ‘ಸತ್ಯ’ ಎಂಬ ಅರ್ಥದ ಹೆಸರಿಟ್ಟರು. ಅದೇ ಮನುಷ್ಯನ ಹೆಸರು ಅಳಿಸಿದರೂ ನೆಲ ಬೇರೆ, ಭಾಷೆ ಬೇರೆ, ಹೊಸ ಹೆಸರೂ ಬೇರೆ.

2. ಹಳೆಯ ಹೆಸರಿನ ಕಡತ ತೆರೆಯಿರಿ

ಜೋಸೆಫ್ ಟ್ರಚ್ 1860ರ ದಶಕದಲ್ಲಿ, ಈ ಎರಡೂ ನಗರಗಳಿರುವ ಬ್ರಿಟಿಷ್ ಕೊಲಂಬಿಯಾದ ಭೂಮಿ ಇಲಾಖೆಯ ಮುಖ್ಯಸ್ಥನಾಗಿದ್ದ. ಮೂಲನಿವಾಸಿಗಳಿಗೆ ನೆಲದ ಮೇಲೆ ಹಕ್ಕಿದೆ ಎಂಬುದನ್ನೇ ಆತ ಒಪ್ಪಲಿಲ್ಲ. ಅವರಿಗೆಂದು ಮೊದಲೇ ಗುರುತಿಸಿದ್ದ ಮೀಸಲು ಭೂಮಿಯನ್ನೂ ಕತ್ತರಿಸಿದ. ಒಂದು ಮೂಲನಿವಾಸಿ ಕುಟುಂಬಕ್ಕೆ 10 ಎಕರೆಯೇ ಹೆಚ್ಚು ಎಂಬುದು ಅವನ ಲೆಕ್ಕ. ಹೊರಗಿನಿಂದ ಬಂದ ಒಬ್ಬ ವಲಸೆಗಾರ ಆಗ 160 ಎಕರೆ ಹಿಡಿಯಬಹುದಿತ್ತು. 1871ರಲ್ಲಿ ಆತ ಆ ಪ್ರಾಂತ್ಯದ ಮೊದಲ ಲೆಫ್ಟಿನೆಂಟ್ ಗವರ್ನರ್ ಆದ.

ಇಂಥ ವಿವರಗಳನ್ನು ದಾಖಲೆಗಳಿಂದ ತೆಗೆದು, ಎಲ್ಲರಿಗೂ ಅರ್ಥವಾಗುವ ಎರಡು ಪುಟದಲ್ಲಿ ಬರೆದು ಬೀದಿಯ ಮನೆಮನೆಗೂ ಹಂಚಿ. ‘ಇತಿಹಾಸ ಅಳಿಸುತ್ತಿದ್ದಾರೆ’ ಎಂಬ ದೂರು ಬಂದೇ ಬರುತ್ತದೆ. ಆ ಇತಿಹಾಸವನ್ನು ಬಹುತೇಕರು ಮೊದಲ ಸಲ ಓದುವುದು ಈ ಎರಡು ಪುಟದಲ್ಲೇ.

3. ಹೆಸರಿಗಿಂತ ಮೊದಲು ಕ್ರಮ ಒಪ್ಪಿಕೊಳ್ಳಿ

ಹೆಚ್ಚಿನ ಪಾಲಿಕೆಗಳು ಎಡವುವುದು ಇಲ್ಲಿ. ಅಧಿಕಾರಿಗಳು ನಾಲ್ಕು ಹೆಸರಿನ ಪಟ್ಟಿ ಹಿಡಿದು ಬಂದು ‘ಇದರಲ್ಲಿ ಯಾವುದಾದೀತು?’ ಎಂದು ಕೇಳಿದರೆ ಅದು ಸಮಾಲೋಚನೆಯಲ್ಲ, ಸಹಿ ಸಂಗ್ರಹ. ಖಾಲಿ ಹಾಳೆ ಇಟ್ಟುಕೊಂಡು ಹೋಗಿ. ಹೆಸರನ್ನು ಯಾರು ಹುಡುಕುತ್ತಾರೆ, ಯಾವ ಹಿರಿಯರು ಒಪ್ಪಬೇಕು, ಕಾಗುಣಿತ ಯಾರ ಕೈಯಲ್ಲಿ, ನಾಳೆ ಅಂಗಡಿಯೊಂದು ಆ ಹೆಸರನ್ನು ಬಳಸಲು ಬಂದರೆ ಯಾರನ್ನು ಕೇಳಬೇಕು, ಇವೆಲ್ಲ ಬರವಣಿಗೆಯಲ್ಲಿರಲಿ. ಹಿರಿಯರ ಸಮಯಕ್ಕೆ ಗೌರವಧನ, ಪ್ರಯಾಣದ ಖರ್ಚು ಬಜೆಟ್‌ನಲ್ಲಿ ಮೊದಲೇ ಸೇರಲಿ. ಸಭೆ ಅವರ ಊರಿನಲ್ಲೇ, ಅವರು ಹೇಳಿದ ದಿನ ನಡೆಯಲಿ.

ಎಡ್ಮಂಟನ್ ನಗರದ ಉದಾಹರಣೆ ಬೀದಿಯದಲ್ಲ, ವಾರ್ಡುಗಳದು. ಆದರೂ ಕಲಿಯುವಂಥದ್ದು. 2020ರಲ್ಲಿ 12 ವಾರ್ಡುಗಳಿಗೆ ಹೆಸರು ಆರಿಸುವ ಕೆಲಸವನ್ನು 17 ಮೂಲನಿವಾಸಿ ಮಹಿಳೆಯರ ಸಮಿತಿಗೆ ಒಪ್ಪಿಸಿದರು. ಮಾಂಟ್ರಿಯಲ್ ಕೂಡ ಆಮ್‌ಹರ್ಸ್ಟ್ ಬೀದಿಯ ವಿಷಯದಲ್ಲಿ ಮೂಲನಿವಾಸಿಗಳ ಸಮಿತಿಯನ್ನೇ ನೆಚ್ಚಿಕೊಂಡಿತು. ಸಿಡುಬಿನ ಸೋಂಕಿರುವ ಕಂಬಳಿ ಹಂಚಿ ಮೂಲನಿವಾಸಿಗಳನ್ನು ಮುಗಿಸುವ ಯೋಚನೆಗೆ 1763ರ ಪತ್ರಗಳಲ್ಲಿ ಸಮ್ಮತಿಸಿದ್ದ ಜನರಲ್‌ನ ಹೆಸರು ಅದು. 2017ರಲ್ಲಿ ಅದನ್ನು ತೆಗೆಯುವುದಾಗಿ ಘೋಷಿಸಿದರು. 2019ರ ಜೂನ್ 21ರಂದು, ಮೂಲನಿವಾಸಿಗಳ ರಾಷ್ಟ್ರೀಯ ದಿನದಂದೇ, ಮೊಹಾಕ್ ಭಾಷೆಯ ‘ಅಟಾಟೆಕೆನ್’ ಹೊಸ ಹೆಸರಾಗಿ ಪ್ರಕಟವಾಯಿತು. ಒಡಹುಟ್ಟಿದವರು ಎಂಬ ಅರ್ಥ.

4. ಲಿಪಿ, ಉಚ್ಚಾರಣೆ, ಆಂಬುಲೆನ್ಸ್

ಮಸ್ಕ್ವಿಯಮ್ ಜನರ ಭಾಷೆಯನ್ನು ಬರೆಯುವ ಅಕ್ಷರಗಳು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿ ಸಿಗುವುದಿಲ್ಲ. ತುರ್ತು ಕರೆಯ ಕಂಪ್ಯೂಟರ್, ಅಂಚೆ ಇಲಾಖೆಯ ಕಂಪ್ಯೂಟರ್ ಆ ಅಕ್ಷರಗಳನ್ನು ಹಿಡಿಯದಿದ್ದರೆ ಆಂಬುಲೆನ್ಸ್ ತಡವಾದೀತು. ಈ ಆತಂಕ ನಿಜವಾದದ್ದು, ಹಗುರವಾಗಿ ತಳ್ಳಬೇಡಿ. ಹಾಗೆಂದು ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ವ್ಯಾಂಕೂವರ್ ಮೂಲ ಹೆಸರನ್ನೇ ಅಧಿಕೃತವಾಗಿ ಉಳಿಸಿಕೊಂಡು, ಜೊತೆಗೆ ‘ಮಸ್ಕ್ವಿಯಮ್‌ವ್ಯೂ ಸ್ಟ್ರೀಟ್’ ಎಂಬ ಇಂಗ್ಲಿಷ್ ರೂಪವನ್ನೂ ಇಟ್ಟುಕೊಂಡಿತು. ಇಂಥ ಪರಿಹಾರಕ್ಕೆ ಪೊಲೀಸ್, ಅಗ್ನಿಶಾಮಕ, ಅಂಚೆ ಸಿಬ್ಬಂದಿಯ ಜೊತೆ ನಿರ್ಣಯಕ್ಕೆ ಮೊದಲೇ ಕೂತು ಮಾತಾಡಬೇಕು. ಸಮುದಾಯದ ಒಪ್ಪಿಗೆ ಪಡೆದು, ಅವರಲ್ಲೇ ಒಬ್ಬರ ದನಿಯಲ್ಲಿ ಉಚ್ಚಾರಣೆ ಧ್ವನಿಮುದ್ರಿಸಿ ಪಾಲಿಕೆಯ ಜಾಲತಾಣದಲ್ಲಿ ಹಾಕಿ.

5. ಬೀದಿಯವರಿಗೆ ಹೇಳಿ

ಚಾಲನಾ ಪರವಾನಗಿ, ಬ್ಯಾಂಕ್, ವಿಮೆ, ಅಂಗಡಿಯ ಲೈಸೆನ್ಸ್ ಎಲ್ಲದರಲ್ಲೂ ವಿಳಾಸ ಬದಲಾಗಬೇಕು. ಯಾವುದು ತಾನಾಗಿಯೇ ಬದಲಾಗುತ್ತದೆ, ಯಾವುದಕ್ಕೆ ಅರ್ಜಿ ಬೇಕು ಎಂಬ ಪಟ್ಟಿ ಕೊಡಿ. ವಯಸ್ಸಾದವರಿಗೆ ಅರ್ಜಿ ತುಂಬಿಕೊಡಲು ಒಬ್ಬರನ್ನು ನೇಮಿಸಿ. ಕಷ್ಟಗಳನ್ನು ಕೇಳಲು ನಿವಾಸಿಗಳ ಸಭೆ ಬೇಕೇ ಬೇಕು. ಆದರೆ ಹೆಸರನ್ನು ಅವರ ಮತಕ್ಕೆ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಲ ಕಳೆದುಕೊಂಡವರ ಸಂಖ್ಯೆ ಆ ಬೀದಿಯಲ್ಲಿ ಕಡಿಮೆ ಇರುವುದಕ್ಕೆ ಕಾರಣವೇ ಹಳೆಯ ಅನ್ಯಾಯ.

6. ನಿರ್ಣಯ, ಫಲಕ

ಪಾಲಿಕೆಯ ಸಭೆಯಲ್ಲಿ ನಿರ್ಣಯವಾಗಿ ಬೈಲಾ ತಿದ್ದುಪಡಿಯಾದ ಮೇಲೆ ಫಲಕ ಏರಿಸುವ ದಿನವನ್ನು ಸಮುದಾಯವೇ ಗೊತ್ತುಮಾಡಲಿ. ಪ್ರಾರ್ಥನೆ, ಹಾಡು ಇರಬೇಕೋ ಬೇಡವೋ, ಕ್ಯಾಮೆರಾ ಎಲ್ಲಿಯವರೆಗೆ ಬರಬಹುದು ಎಂಬುದೂ ಅವರದೇ ತೀರ್ಮಾನ. ಹೊಸ ಫಲಕದ ಕೆಳಗೆ ಹಳೆಯ ಹೆಸರನ್ನು ಸ್ವಲ್ಪ ಕಾಲ ಚಿಕ್ಕ ಅಕ್ಷರದಲ್ಲಿ ಉಳಿಸಬಹುದು. ಎಲ್ಲಿಯವರೆಗೆ ಎಂಬ ದಿನಾಂಕವನ್ನು ಮಾತ್ರ ನಿರ್ಣಯದಲ್ಲೇ ಬರೆದಿಡಿ, ಇಲ್ಲದಿದ್ದರೆ ಅದನ್ನು ತೆಗೆಯುವ ಕೆಲಸ ಯಾರ ಮೇಜಿಗೂ ಬರುವುದಿಲ್ಲ.