ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ

"ಏನಪ್ಪಾ, ಪೈಪು ಹಾಕಲು ಬಂದವನೋ, ಕುರಿ ಕೊಯ್ಯಲು ಬಂದವನೋ?"

ತರೀಕೆರೆ ಹತ್ತಿರದ ಅಡಿಕೆ ತೋಟದ ಮನೆಯೊಂದರಲ್ಲಿ ಅಜ್ಜಿಯೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ನಾನು ಮಾಡಲು ಹೊರಟಿದ್ದ ಕೆಲಸ ಇಷ್ಟೇ: ಹನಿ ನೀರಾವರಿಯ 16 ಮಿಲಿಮೀಟರ್ ಪೈಪಿನ ಸುರುಳಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸುವುದು. ಅದಕ್ಕೆಂದು ಜೇಬಿನಿಂದ ತೆಗೆದದ್ದು ನಾಲ್ಕು ಇಂಚಿನ ಕಪ್ಪು ಅಲಗಿನ ಚಾಕು. ಹೆಬ್ಬೆರಳು ಸೋಕಿದರೆ ಸಾಕು, ಸ್ಪ್ರಿಂಗ್ ಬಲಕ್ಕೆ ಟಪ್ಪೆಂದು ಬಿಚ್ಚಿಕೊಳ್ಳುತ್ತಿತ್ತು. ಜಗುಲಿಯಲ್ಲಿ ಆಡುತ್ತಿದ್ದ ಮಗು ಅಜ್ಜಿಯ ಸೆರಗಿನ ಹಿಂದೆ ಸರಿಯಿತು. ಅಜ್ಜಿ ಕೇಳಿದ್ದು ನಗುತ್ತಲೇ. ಆದರೆ ಚಾಕುವನ್ನು ಮಡಚಿ ಜೇಬಿಗೆ ಹಾಕುವವರೆಗೂ ಅವರ ಕಣ್ಣು ಅದರ ಮೇಲೇ ಇತ್ತು.

ನಾನು 14 ವರ್ಷಗಳಿಂದ ತರೀಕೆರೆ, ಕಡೂರು, ಅಜ್ಜಂಪುರದ ಸುತ್ತಮುತ್ತ ಹನಿ ನೀರಾವರಿ ಮತ್ತು ಪಂಪ್‌ಸೆಟ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಚಾಕು ಜೇಬಿನಲ್ಲಿಲ್ಲದ ದಿನ ಅರ್ಧ ಕೆಲಸ ನಿಂತುಹೋಗುತ್ತದೆ. ಆ ದೊಡ್ಡ ಚಾಕುವನ್ನು ಕೊಂಡದ್ದು ಮಾತ್ರ ಕೆಲಸ ಕೇಳಿದ್ದರಿಂದಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನೋಡುತ್ತಿದ್ದ ವಿಡಿಯೊಗಳು ಕೊಳ್ಳಿಸಿದವು. ಯಾರೋ ಗಡ್ಡದವನು ಕಾರಿನ ಬಾಗಿಲಿಗೆ ಚಾಕು ಚುಚ್ಚುತ್ತಾನೆ, ಹಡಗಿನ ಹಗ್ಗವನ್ನು ಒಂದೇ ಏಟಿಗೆ ತುಂಡರಿಸುತ್ತಾನೆ. ನಾನು ಇಷ್ಟು ವರ್ಷದಲ್ಲಿ ಒಂದು ಕಾರಿನ ಬಾಗಿಲಿಗೂ ಚಾಕು ಚುಚ್ಚಬೇಕಾಗಿ ಬಂದಿಲ್ಲ. ಆದರೂ ನೋಡುತ್ತಾ ನೋಡುತ್ತಾ ಬೇಕೆನಿಸಿತು. ಇದಕ್ಕೆ 'ಟ್ಯಾಕ್ಟಿಕಲ್' ಚಾಕು ಎಂದು ಹೆಸರು. ಸೈನಿಕರ ಸರಕು ಎಂಬ ಭಾವನೆ ಬರುವಂತೆ ಮಾರುವವರು ಇಟ್ಟದ್ದು. ನಮ್ಮ ದೇಶಕ್ಕೂ ಈ ಮೋಹ ಹೊಸದಲ್ಲ. ಉತ್ತರ ಪ್ರದೇಶದ ರಾಮಪುರಿ ಚಾಕು ಹಿಂದಿ ಸಿನಿಮಾದ ಖಳರ ಕೈಯಲ್ಲಿ ಬಿಚ್ಚಿಕೊಳ್ಳುವ ಸದ್ದಿನಿಂದಲೇ ಹೆಸರಾಯಿತು. ಅದರಲ್ಲಿ ಯಾರಾದರೂ ಈರುಳ್ಳಿ ಹೆಚ್ಚಿದ್ದನ್ನು ನಾನಂತೂ ನೋಡಿಲ್ಲ.

ನನ್ನದರ ಬೆಲೆ 2,800 ರೂಪಾಯಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 190 ಗ್ರಾಂ. ಅಲಗಿನ ಬೆನ್ನು 4 ಮಿಲಿಮೀಟರ್ ದಪ್ಪ. ಬಾಯಿಯಲ್ಲಿ ಅರ್ಧ ಭಾಗ ನಯ, ಹಿಡಿಯ ಕಡೆಯ ಅರ್ಧಕ್ಕೆ ಗರಗಸದಂಥ ಹಲ್ಲು. ಹಿಡಿಯ ತುದಿಯಲ್ಲಿ ಅಪಘಾತದ ಸಮಯದಲ್ಲಿ ಕಾರಿನ ಗಾಜು ಒಡೆಯಲೆಂದು ಒಂದು ಉಕ್ಕಿನ ಮೊನೆ. ಮೂರು ವರ್ಷದಲ್ಲಿ ಅದು ಒಡೆದ ಒಂದೇ ಗಾಜು ನನ್ನ ಮೊಬೈಲಿನದು. ಒಂದೇ ಜೇಬಿನಲ್ಲಿ ಎರಡನ್ನೂ ಇಟ್ಟುಕೊಂಡು ಬೈಕಿನ ಮೇಲೆ ಕುಳಿತಿದ್ದೆ.

ಮೊಬೈಲಿನ ಗಾಜು ಹೋದದ್ದಕ್ಕೆ ಬುದ್ಧಿ ಬರಲಿಲ್ಲ. ಬಂದದ್ದು ಒಂದು ಬೋರ್‌ವೆಲ್ ಕೆಲಸದಲ್ಲಿ.

ಮುಳುಗು ಮೋಟಾರಿನ ಚಪ್ಪಟೆ ಕೇಬಲ್ ನೋಡಿದವರಿಗೆ ಗೊತ್ತಿರುತ್ತದೆ. ಹೊರಗೊಂದು ಕವಚ, ಅದರೊಳಗೆ ಸಾಲಾಗಿ ಮೂರು ತಂತಿ, ಪ್ರತಿಯೊಂದಕ್ಕೂ ಅದರದೇ ಹೊದಿಕೆ. ಜಾಯಿಂಟ್ ಹಾಕುವಾಗ ಹೊರಕವಚವನ್ನು ಉದ್ದಕ್ಕೆ ಸೀಳಿ ಬಿಡಿಸಬೇಕು, ಒಳಗಿನ ಹೊದಿಕೆಗೆ ಒಂದು ಗೀರೂ ಬೀಳಬಾರದು. ಈ ಕೆಲಸದಲ್ಲಿ ಅಲಗಿನ ಬೆನ್ನ ಮೇಲೆ ಹೆಬ್ಬೆರಳಿಟ್ಟು, ಮೊನೆ ಎಷ್ಟು ಆಳಕ್ಕೆ ಇಳಿಯುತ್ತಿದೆ ಎಂದು ಬೆರಳಿನಲ್ಲೇ ತಿಳಿದುಕೊಳ್ಳಬೇಕು. ನಾಲ್ಕು ಇಂಚಿನ ಅಲಗಿನಲ್ಲಿ ಮೊನೆ ಬೆರಳಿನಿಂದ ಬಹಳ ದೂರ. ಹತ್ತಿರದ ಭಾಗದಲ್ಲಿ ಕೊಯ್ಯೋಣವೆಂದರೆ ಅಲ್ಲಿ ಹಲ್ಲುಗಳು. ಕೈಗೆ ಹೆಚ್ಚು ಹಿಡಿತ ಸಿಗುವುದು ಹಿಡಿಯ ಪಕ್ಕದ ಅಂಚಿನಲ್ಲಿ. ಅದೇ ಜಾಗಕ್ಕೆ ಹಲ್ಲು ಕೊರೆದು ಮಾರುವ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ದಿನ ಹಲ್ಲೊಂದು ಕವಚಕ್ಕೆ ಸಿಕ್ಕಿಕೊಂಡಿತು, ಜೋರಾಗಿ ಎಳೆದೆ, ಅಲಗು ಬೇಕಾದ್ದಕ್ಕಿಂತ ಮುಂದೆ ಜಾರಿತು. ಒಳಗಿನ ಒಂದು ತಂತಿಯ ಹೊದಿಕೆಗೆ ಗೀರು ಬಿದ್ದಿತ್ತು. ನಾನು ಗಮನಿಸಲಿಲ್ಲ, ಸುತ್ತಿದ ಟೇಪೂ ಅಲ್ಲಿಯವರೆಗೆ ತಲುಪಿರಲಿಲ್ಲ.

ಎಂಟನೆಯ ದಿನ ಸ್ಟಾರ್ಟರ್ ಟ್ರಿಪ್ ಆಗಿ ಮೋಟಾರು ನಿಲ್ಲತೊಡಗಿತು. 420 ಅಡಿಯಿಂದ ಮೋಟಾರನ್ನು ಮೇಲೆತ್ತಿದೆವು. ಗೀರಿನೊಳಗೆ ನೀರು ಹೊಕ್ಕು ಹೊದಿಕೆ ಸುಟ್ಟು ಕಪ್ಪಾಗಿತ್ತು. ಪೈಪು ಎತ್ತಿ ಇಳಿಸಿದ ಕೂಲಿಯನ್ನು ನಾನೇ ಕೊಟ್ಟೆ. ತೋಟದ ಯಜಮಾನರು ಒಂದು ಮಾತೂ ಬೈಯಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಯಿತು.

ಅಂದಿನಿಂದ ಒಂದು ತಿಂಗಳು, ಚಾಕು ತೆಗೆದಾಗಲೆಲ್ಲ ರಸೀದಿ ಪುಸ್ತಕದ ಕೊನೆಯ ಹಾಳೆಯಲ್ಲಿ ಏನು ಕೊಯ್ದೆ ಎಂದು ಬರೆದಿಟ್ಟೆ. ಪ್ಲಾಸ್ಟಿಕ್ ಪಟ್ಟಿ. ಹನಿ ಪೈಪು. ಟೆಫ್ಲಾನ್ ಟೇಪು. ಗರಗಸದಲ್ಲಿ ಕೊಯ್ದ ಪಿವಿಸಿ ಪೈಪಿನ ಬಾಯಿಯ ಸಿಬರು ಕೆರೆದದ್ದು. ಗೊಬ್ಬರದ ಚೀಲದ ಹೊಲಿಗೆ. ಬಾಳೆನಾರು. ವಯರಿನ ಹೊದಿಕೆ. ಸೀಬೆಹಣ್ಣು. ಮತ್ತೆ ಪ್ಲಾಸ್ಟಿಕ್ ಪಟ್ಟಿ. ತಿಂಗಳ ಕೊನೆಗೆ ಓದಿ ನೋಡಿದರೆ, ಎರಡೂವರೆ ಇಂಚಿಗಿಂತ ಉದ್ದದ ಅಲಗು ಬೇಕಾದ ಕೆಲಸ ಒಂದೇ ಒಂದು: ಯಾರದೋ ಮನೆಯಲ್ಲಿ ಕಲ್ಲಂಗಡಿ ಕೊಯ್ದದ್ದು. ಅದಕ್ಕೂ ಅವರ ಅಡುಗೆಮನೆಯ ಚಾಕು ಇತ್ತು, ನಾನು ಕೈಯೊಡ್ಡಿ ಕೇಳಬಹುದಿತ್ತು.

ಇನ್ನು ನಿಜವಾದ ಒರಟು ಕೆಲಸಕ್ಕೆ, ಅಂದರೆ ಎಳನೀರು ಕೆತ್ತಲು, ಬೇಲಿಯ ಗೂಟ ಚೂಪು ಮಾಡಲು, ಅಡ್ಡ ಬಂದ ಕೊಂಬೆ ಕಡಿಯಲು ನಮ್ಮ ಕಡೆಯ ಪ್ರತಿ ತೋಟದಲ್ಲೂ ಕತ್ತಿ ಇರುತ್ತದೆ, ಮಚ್ಚು ಇರುತ್ತದೆ. ಊರಿನ ಕಮ್ಮಾರ ಹದ ಹಾಕಿದ ಕತ್ತಿಯ ಮುಂದೆ ಯಾವ ಮಡಚುವ ಚಾಕೂ ನಿಲ್ಲುವುದಿಲ್ಲ. ಹಾಗಾಗಿ ನನ್ನ ಕಪ್ಪು ಚಾಕು ಅತ್ತ ಕತ್ತಿಯೂ ಆಗಲಿಲ್ಲ, ಇತ್ತ ಚಾಕುವೂ ಆಗಲಿಲ್ಲ. ಸೀಬೆಹಣ್ಣಿನ ವಿಷಯದಲ್ಲಂತೂ ಇದು ಎದ್ದು ಕಾಣುತ್ತಿತ್ತು. ದಪ್ಪ ಬೆನ್ನಿನ ಅಲಗು ಅರ್ಧ ಇಳಿಯುವಷ್ಟರಲ್ಲಿ ಬೆಣೆಯಂತೆ ಕೆಲಸ ಮಾಡಿ ಹಣ್ಣನ್ನು ಸಿಡಿಸುತ್ತದೆ. ಹೋಳು ಆಗುವುದಿಲ್ಲ, ಚೂರು ಆಗುತ್ತದೆ. ಹನಿ ಪೈಪಿನಲ್ಲೂ ಅಷ್ಟೇ. ಅಲಗು ದಪ್ಪವಾದಷ್ಟೂ ಪೈಪು ಮೊದಲು ಅಪ್ಪಚ್ಚಿಯಾಗಿ ಆಮೇಲೆ ಓರೆಯಾಗಿ ತುಂಡಾಗುತ್ತದೆ, ಓರೆಯಾದ ತುದಿಗೆ ಕನೆಕ್ಟರ್ ತೊಡಿಸಿದರೆ ನೀರು ಒಸರುತ್ತದೆ. ಹರಿತ ಬೇರೆ, ಸಲೀಸಾಗಿ ಕೊಯ್ಯುವುದು ಬೇರೆ ಎಂದು ನನಗೆ ತಿಳಿದದ್ದು ಆಗ. ಒಳ್ಳೆಯ ಹರಿತವಿದ್ದೂ ಅಂಚಿನ ಹಿಂದೆಯೇ ಉಕ್ಕು ದಪ್ಪವಿದ್ದರೆ ಅಲಗು ಮುಂದೆ ಹೋಗುವುದಿಲ್ಲ.

ಇಲ್ಲಿಂದ ನಾನು ನೇರವಾಗಿ ಸರಿಯಾದ ಚಾಕುವಿಗೆ ಬಂದೆ ಎಂದುಕೊಳ್ಳಬೇಡಿ. ಮಧ್ಯೆ ಸಂತೆಯಲ್ಲಿ 60 ರೂಪಾಯಿಗೆ ಒಂದು ಮಡಚುವ ಚಾಕು ಕೊಂಡೆ. ತೆಳು ಅಲಗು, ಚೆನ್ನಾಗಿಯೇ ಕೊಯ್ಯುತ್ತಿತ್ತು. ಇಂಥವುಗಳಲ್ಲಿ ಬೀಗವಿರುವುದಿಲ್ಲ, ಬೆನ್ನಿನ ಸ್ಪ್ರಿಂಗ್ ಒತ್ತಡವಷ್ಟೇ ಅಲಗನ್ನು ಬಿಚ್ಚಿ ಹಿಡಿದಿರುತ್ತದೆ. ಇದನ್ನು ಮರೆತು ಒಂದು ರಬ್ಬರ್ ಹಾಳೆಗೆ ತೂತು ಮಾಡಲು ಮೊನೆಯಿಂದ ಚುಚ್ಚಿದೆ. ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಬಿತ್ತು. ಮೂರು ಹೊಲಿಗೆ. ಬೀಗದ ಚಾಕುವೇ ವಾಸಿ ಎಂದು ಮನೆಯಲ್ಲಿ ಹೇಳಿದರು, ನನಗೂ ಒಂದು ವಾರ ಹಾಗೇ ಅನ್ನಿಸಿತು. ಆದರೆ ದೊಡ್ಡ ಚಾಕುವಿನ ಬೀಗವನ್ನೂ ನಾನು ಕಂಡಿದ್ದೆ. ಕಾಲುವೆಯ ಮಣ್ಣು, ಮರಳು ಹೊಕ್ಕಾಗ, ಅಲಗು ಮಡಚದಂತೆ ಅಡ್ಡ ನಿಲ್ಲಬೇಕಾದ ಒಳಗಿನ ತೆಳು ತಗಡು ಪೂರ್ತಿ ಸರಿಯುತ್ತಲೇ ಇರಲಿಲ್ಲ. ಬೀಗವಿದೆಯೆಂಬ ಧೈರ್ಯದಲ್ಲಿ ಒತ್ತುವವನಿಗೆ ಅರ್ಧ ಬಿದ್ದ ಬೀಗ ಬೀಗವಿಲ್ಲದ್ದಕ್ಕಿಂತ ಅಪಾಯ. ಕೊನೆಗೆ ಬದಲಾದದ್ದು ನನ್ನ ಕೈ. ಈಗ ಚಾಕುವಿನಿಂದ ಚುಚ್ಚುವುದೇ ಇಲ್ಲ. ಎಳೆದು ಕೊಯ್ಯುತ್ತೇನೆ, ತೂತಿಗೆ ದಬ್ಬಳ ಬಳಸುತ್ತೇನೆ.

ಈಗ ಜೇಬಿನಲ್ಲಿರುವುದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಪಯನಿಯರ್. ಮಡಚಿದಾಗ 93 ಮಿಲಿಮೀಟರ್, ತೂಕ 70 ಗ್ರಾಂ ಆಸುಪಾಸು, ಹಿಡಿ ಅಲ್ಯೂಮಿನಿಯಂ. ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಎರಡು ಸ್ಕ್ರೂಡ್ರೈವರ್ ತುದಿಗಳು, ವಯರಿನ ಹೊದಿಕೆ ಬಿಡಿಸಲು ಒಂದು ಕಚ್ಚು. ಈ ಕಂಪನಿಯ ಇತಿಹಾಸ ಓದಿದಾಗ ನನಗೆ ನಗು ಬಂತು. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಕಾರ್ಯಾಗಾರ ತೆರೆದು, 1891ರಿಂದ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಿದ. ಆ ಸೈನಿಕರ ಚಾಕುವಿನಲ್ಲಿ ಇದ್ದದ್ದು ಅಲಗು, ದಬ್ಬಳ, ಡಬ್ಬಿ ತೆರೆಯುವ ಸಾಧನ ಮತ್ತು ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್. ನಿಜವಾದ ಸೈನ್ಯ ತನ್ನವರ ಜೇಬಿಗೆ ಕೊಟ್ಟದ್ದು ಊಟದ ಡಬ್ಬಿ ತೆರೆಯುವ ಪುಟ್ಟ ಚಾಕು. ನಾನು ಪೈಪು ಹಾಕುವವನು ಸೈನಿಕನ ವೇಷ ಕಟ್ಟಲು 2,800 ರೂಪಾಯಿ ಕೊಟ್ಟಿದ್ದೆ.

ಮನೆಯಲ್ಲಿ ಹಣ್ಣಿಗೆ, ತರಕಾರಿಗೆ ಫ್ರಾನ್ಸಿನ ಒಪಿನೆಲ್ ಇದೆ, 8ನೇ ನಂಬರಿನದು. ಸವೊಯ್ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ರೈತರ ಚಾಕು ಅದು. ಎಂಟೂವರೆ ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ, ಅಲಗನ್ನು ಭದ್ರಪಡಿಸಲು ತಿರುಗಿಸುವ ಒಂದು ಉಕ್ಕಿನ ಬಳೆ. ಬಳೆ ಸೇರಿದ್ದು 1955ರಲ್ಲಿ, ಅಲ್ಲಿಯವರೆಗೆ ಅದೂ ಇರಲಿಲ್ಲ. ಇಷ್ಟು ಸರಳವಾದ, ಇಷ್ಟು ತೆಳುವಾಗಿ ಕೊಯ್ಯುವ ಇನ್ನೊಂದು ಮಡಚುವ ಚಾಕುವನ್ನು ನಾನು ಕಂಡಿಲ್ಲ. ಮರ ಎಂದ ಮೇಲೆ ಮಳೆಗಾಲದಲ್ಲಿ ಉಬ್ಬುತ್ತದೆ, ಉಬ್ಬಿದರೆ ಅಲಗು ಬಿಗಿಯುತ್ತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮನೆ ಬಿಟ್ಟು ಹೊರಡುವುದಿಲ್ಲ. ಕಾರ್ಬನ್ ಉಕ್ಕಿನ ಅಲಗು ಆರಿಸಿಕೊಂಡರೆ ಇನ್ನೊಂದು ಮಾತು: ಮಾವಿನಕಾಯಿ, ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ನನ್ನದು ಸ್ಟೇನ್‌ಲೆಸ್.

ಮಸೆಯುವ ವಿಷಯಕ್ಕೆ ಬರುತ್ತೇನೆ, ಚಾಕು ಕೊಳ್ಳುವವರು ಇದನ್ನು ಕೇಳುವುದೇ ಇಲ್ಲ. ಕಪ್ಪು ಚಾಕುವಿನ ಉಕ್ಕು ಗಡುಸಾಗಿತ್ತು, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 60 ಎಂದು ಡಬ್ಬಿಯ ಮೇಲೆ ಬರೆದಿತ್ತು. ಹರಿತ ಬಹುಕಾಲ ಉಳಿಯಿತು, ನಿಜ. ಆದರೆ ಹೋದ ಮೇಲೆ ಭಾನುವಾರವಿಡೀ ಕಲ್ಲಿನ ಮುಂದೆ ಕುಳಿತರೂ ಮರಳಲಿಲ್ಲ. ಹಲ್ಲುಗಳನ್ನು ಮಸೆಯಲು ಬೇರೆಯೇ ಸಾಧನ ಬೇಕು, ಅದು ನನ್ನಲ್ಲಿ ಇರಲಿಲ್ಲ. ಪಯನಿಯರ್‌ನ ಉಕ್ಕು ಅದಕ್ಕಿಂತ ಮೆದು, 55-56ರ ಸುತ್ತ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವಾಗುತ್ತದೆ. ಪಿವಿಸಿ ಕೆರೆಯುವವನಿಗೆ ಇದೇ ಲಾಭ. ತಿಂಗಳಿಗೊಮ್ಮೆ 1000 ಗ್ರಿಟ್‌ನ, ಅಂದರೆ ಮಧ್ಯಮ ನಯದ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಪ್ರತಿ ಬದಿಗೆ ಹದಿನೈದಿಪ್ಪತ್ತು ಬಾರಿ ಎಳೆಯುತ್ತೇನೆ. ಕಲ್ಲಿನ ಮೇಲೆ ಅಲಗು ಹಿಡಿದ ಓರೆ ಸರಿಯಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಮಸಿ ಅಂಚಿನ ತುದಿಯವರೆಗೂ ಅಳಿಸಿಹೋಗಿದ್ದರೆ ಸರಿ, ಮೇಲಷ್ಟೇ ಅಳಿಸಿದ್ದರೆ ಅಲಗನ್ನು ಇನ್ನೂ ಸ್ವಲ್ಪ ಎತ್ತಿ ಹಿಡಿಯಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಬದಿಗೆ ಹಿಮ್ಮುಖವಾಗಿ, ಅಂದರೆ ಅಲಗಿನ ಬೆನ್ನು ಮುಂದಾಗಿ, ಹತ್ತು ಸಲ. ಹೊಲದಲ್ಲಿ ಕಲ್ಲಿಲ್ಲದಿದ್ದಾಗ, ಯಜಮಾನರ ಮನೆಯಲ್ಲಿ ಕಾಫಿ ಕೊಟ್ಟ ಪಿಂಗಾಣಿ ಬಟ್ಟಲನ್ನು ಮಗುಚಿ, ಹೊಳಪಿಲ್ಲದ ತಳದ ಅಂಚಿಗೆ ನಾಲ್ಕು ಸಲ ಎಳೆದುಕೊಳ್ಳುತ್ತೇನೆ. ಕಾಫಿ ಕುಡಿದಾದ ಮೇಲೆ. ಪರೀಕ್ಷೆಗೆ ಹಣ್ಣಾದ ಟೊಮೆಟೊ ಸಾಕು. ಒತ್ತದೆ ಸಿಪ್ಪೆಯೊಳಗೆ ಇಳಿದರೆ ಮುಗಿಯಿತು.

ಅಲಗು ಮಡಚಿಕೊಳ್ಳುವ ತಿರುಗಣೆಗೆ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ನಾನೂ ಹಾಕುತ್ತಿದ್ದೆ. ಡಿಸೆಂಬರ್‌ನ ಬೆಳಿಗ್ಗೆ ಅದು ಹೆಪ್ಪುಗಟ್ಟಿ, ಧೂಳು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ತಿರುಗಣೆಗೆ ಮಾತ್ರ, ಅಲಗಿಗೆ ಬೇಡ.

ಕಾನೂನಿನ ಬಗ್ಗೆ ಕೇಳುವವರೂ ಇದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಬರುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉಪಕರಣಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಆ ಅಳತೆಗೆ ನನ್ನ ಯಾವ ಚಾಕುವೂ ಬರುವುದಿಲ್ಲ. ಆದರೆ ಬೆಂಗಳೂರಿನ ಮಾಲೊಂದರ ಬಾಗಿಲಿನಲ್ಲಿ ನಿಂತ ಕಾವಲುಗಾರ ಇಂಚುಪಟ್ಟಿ ಹಿಡಿದು ನಿಂತಿರುವುದಿಲ್ಲ. ಕಪ್ಪು ಚಾಕು ಕಂಡಾಗ ಅವರು ಇನ್ನಿಬ್ಬರನ್ನು ಕರೆದರು, ಊರು, ಕೆಲಸ, ಬಂದ ಕಾರಣ ಎಲ್ಲ ಕೇಳಿದರು. ಪಯನಿಯರ್ ಕಂಡಾಗಲೂ ಒಳಗೆ ಬಿಡಲಿಲ್ಲ, ಆದರೆ ಟೋಕನ್ ಕೊಟ್ಟು ಇಟ್ಟುಕೊಂಡರು. ವಿಮಾನದಲ್ಲಿ ಹೋಗುವುದಾದರೆ ಎಷ್ಟೇ ಚಿಕ್ಕದಿರಲಿ, ಕೈಚೀಲದಲ್ಲಿ ಇಡಬೇಡಿ, ಕೆಳಗೆ ಹೋಗುವ ಪೆಟ್ಟಿಗೆಗೆ ಹಾಕಿ.

ಚಿಕ್ಕ ಚಾಕುವಿಗೂ ಒಂದು ದೊಡ್ಡ ದೋಷವಿದೆ. ಅದು ಕಳೆದುಹೋಗುತ್ತದೆ. 190 ಗ್ರಾಂ ತೂಕದ್ದು ಜೇಬಿನಲ್ಲಿ ಇಲ್ಲವೆಂದರೆ ತಕ್ಷಣ ತಿಳಿಯುತ್ತಿತ್ತು, 70 ಗ್ರಾಂ ಇಲ್ಲವಾದರೆ ರಾತ್ರಿ ಪ್ಯಾಂಟು ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ನನ್ನ ಮೊದಲ ಪಯನಿಯರ್ ಅಜ್ಜಂಪುರದ ಕಡೆ ಒಂದು ತೋಟದಲ್ಲಿ, ನಾವೇ ತೋಡಿ ನಾವೇ ಮುಚ್ಚಿದ ಕಾಲುವೆಯಲ್ಲಿ, 63 ಮಿಲಿಮೀಟರ್ ಪಿವಿಸಿ ಪೈಪಿನ ಪಕ್ಕದಲ್ಲಿ ಎಲ್ಲೋ ಇದೆ. ಮಣ್ಣು ಎಳೆದು ಮುಗಿಸಿದ ಮೇಲೆ ನೆನಪಾಯಿತು. ಮತ್ತೆ ಅಗೆಯೋಣವೇ ಎಂದು ಕೇಳಿದಾಗ ಜೊತೆಯ ಹುಡುಗರು ನನ್ನ ಮುಖವನ್ನೇ ನೋಡಿದರು. ಈಗಿನದು ಎರಡನೆಯದು. ಅದರ ಹಿಡಿಯ ತುದಿಯ ಬಳೆಗೆ ಒಂದು ಗೇಣು ಕೆಂಪು ಲಾಡಿ ಕಟ್ಟಿದ್ದೇನೆ.