ಬಾಟಲಿ ಮೇಲಿನ ಪರ್ಸೆಂಟ್ ನೋಡಿ ಮೋಸಹೋದೆ

ಮೂಗಿನ ಪಕ್ಕದ ಆ ಕಲೆ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮೊಡವೆ ಕಲೆ ತೆಗೆಯಲು ಮನೆಯಲ್ಲೇ ಕೆಮಿಕಲ್ ಪೀಲ್, ಅಂದರೆ ಚರ್ಮದ ಮೇಲ್ಪದರ ಸುಲಿಸುವ ಆಮ್ಲ, ಹಚ್ಚಲು ಹೋಗಿ ನಾನೇ ಕೈಯಾರೆ ಮಾಡಿಕೊಂಡದ್ದು.

ಹತ್ತು ಪರ್ಸೆಂಟ್ ಗ್ಲೈಕೋಲಿಕ್ ಆಮ್ಲ ಹಚ್ಚಿ ಏನೂ ಆಗಿರಲಿಲ್ಲ. ಮೂವತ್ತರದ್ದು ತಂದರೆ ಮೂರು ಪಟ್ಟು ಬೇಗ ಕೆಲಸ ಆದೀತು ಅಂದುಕೊಂಡೆ. ಬಾಟಲಿಯಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) ಬರೆದಿರಲಿಲ್ಲ, ನಾನೂ ಹುಡುಕಲಿಲ್ಲ. ಅಸಲು ಸಂಗತಿ ಇರುವುದೇ ಅಲ್ಲಿ. ಬಾಟಲಿಯಲ್ಲಿ ಆಮ್ಲ ಎಷ್ಟಿದ್ದರೂ ಚರ್ಮದೊಳಗೆ ಸಲೀಸಾಗಿ ಇಳಿಯುವ ರೂಪದಲ್ಲಿ ಎಷ್ಟಿದೆ ಅನ್ನುವುದನ್ನು ತೀರ್ಮಾನಿಸುವುದು ಪಿಎಚ್. ಗ್ಲೈಕೋಲಿಕ್ ಆಮ್ಲಕ್ಕೆ ಪಿಎಚ್ 3.8ರ ಹತ್ತಿರ ಇದ್ದರೆ ಅರ್ಧದಷ್ಟು ಮಾತ್ರ ಆ ರೂಪದಲ್ಲಿರುತ್ತದೆ. 2ಕ್ಕೆ ಇಳಿದರೆ ಹೆಚ್ಚುಕಡಿಮೆ ಎಲ್ಲವೂ. ಅಮೆರಿಕದ ಕಾಸ್ಮೆಟಿಕ್ ಇನ್‌ಗ್ರೀಡಿಯಂಟ್ ರಿವ್ಯೂ ಪರಿಣತರು ಮನೆಬಳಕೆಗೆ ಹೇಳಿರುವ ಮಿತಿ 10 ಪರ್ಸೆಂಟ್, ಪಿಎಚ್ 3.5 ಅಥವಾ ಅದಕ್ಕಿಂತ ಹೆಚ್ಚು. ಇದೆಲ್ಲ ಓದಿದ್ದು ಸುಟ್ಟುಕೊಂಡ ಮೇಲೆ.

ಇನ್ನೊಂದು ತಪ್ಪೂ ಸೇರಿತ್ತು. ಎರಡು ದಿನ ಮೊದಲಷ್ಟೇ ಮೊಡವೆಗೆ ಅಡಾಪಲೀನ್ ಜೆಲ್ ಹಚ್ಚಿದ್ದೆ. ಅದು ರೆಟಿನಾಯ್ಡ್ ಜಾತಿಯ ಮದ್ದು, ಚರ್ಮವನ್ನು ಸೂಕ್ಷ್ಮ ಮಾಡುತ್ತದೆ. ಆಮ್ಲ ಹಚ್ಚಿ, ಉರಿ ಇಲ್ಲವಲ್ಲ ಎಂದು ನಾಲ್ಕು ನಿಮಿಷ ಬಿಟ್ಟೆ. ಮೂಗಿನ ಮಡಿಕೆಯಲ್ಲಿ ದ್ರವ ಜಾರಿ ನಿಂತದ್ದು ಗೊತ್ತೇ ಆಗಲಿಲ್ಲ. ಮಾರನೇ ದಿನ ಅಲ್ಲಿ ಚರ್ಮ ಒಣಗಿದ ಗೋಂದಿನ ಹಾಗೆ ಬಿಗಿದು, ಕಂದು ತಿರುಗಿ, ನಕ್ಕರೆ ಬಿರುಕು ಬಿಡುತ್ತಿತ್ತು. ನನ್ನದು ಎಣ್ಣೆಗೆಂಪು ಬಣ್ಣ. ಇಂಥ ಚರ್ಮಕ್ಕೆ ಸಣ್ಣ ಗಾಯವಾದರೂ ಬಣ್ಣ ಕೊಡುವ ಮೆಲನಿನ್ ಹೆಚ್ಚಾಗಿ ಕಪ್ಪು ಉಳಿದುಬಿಡುತ್ತದೆ. ಚರ್ಮದ ಡಾಕ್ಟರು ನೋಡಿ, "ಕಿತ್ತುಹಾಕೋಕೆ ಇಷ್ಟು ಅವಸರ ಏನಮ್ಮ?" ಅಂದರು. ಎಲ್ಲ ಸೀರಮ್ ನಿಲ್ಲಿಸಿ ಬರೀ ಪೆಟ್ರೋಲಿಯಂ ಜೆಲ್ಲಿ, ಸನ್‌ಸ್ಕ್ರೀನ್.

ಆರು ತಿಂಗಳ ಮೇಲೆ, ಅವರನ್ನೇ ಕೇಳಿ, ಹತ್ತು ಪರ್ಸೆಂಟ್ ಮ್ಯಾಂಡೆಲಿಕ್ ಆಮ್ಲದಿಂದ ಮತ್ತೆ ಶುರುಮಾಡಿದೆ. ಇದರ ಅಣುವಿನ ತೂಕ ಗ್ಲೈಕೋಲಿಕ್‌ಗಿಂತ ಎರಡು ಪಟ್ಟು, ಹಾಗಾಗಿ ನಿಧಾನಕ್ಕೆ ಇಳಿಯುತ್ತದೆ. ನನ್ನಂಥ ಅವಸರಗೇಡಿಗೆ ಅದೇ ಸರಿ.

ಈಗ ಪೀಲ್‌ಗೆ ಒಂದು ವಾರ ಮುಂಚೆಯೇ ರೆಟಿನಾಯ್ಡ್ ನಿಲ್ಲಿಸುತ್ತೇನೆ, ವ್ಯಾಕ್ಸಿಂಗ್ ಇಲ್ಲ. ಹೊಸ ಬಾಟಲಿಯಾದರೆ ಕಿವಿ ಹಿಂದೆ ಹಚ್ಚಿ ಎರಡು ದಿನ ಕಾಯುತ್ತೇನೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಟ್ಟು, ಮೂಗಿನ ಮಡಿಕೆ, ತುಟಿಯಂಚು, ಕಣ್ಣಿನ ಮೂಲೆಗಳಿಗೆ ಜೆಲ್ಲಿ ಬಳಿಯುತ್ತೇನೆ. ಮೊದಲು ಹಣೆ, ಆಮೇಲೆ ಕೆನ್ನೆ, ಗದ್ದ. ಫೋನಿನಲ್ಲಿ ಟೈಮರ್, ಮೊದಲ ಸಲ ಒಂದೇ ನಿಮಿಷ. ಚುರುಚುರು ಅಂದರೆ ಪರವಾಗಿಲ್ಲ, ಒಂದೇ ಜಾಗದಲ್ಲಿ ಚುಚ್ಚಿದಂತೆ ಉರಿದರೆ ಟೈಮರ್ ಎಷ್ಟೇ ತೋರಿಸಲಿ, ನಲ್ಲಿ ಕೆಳಗೆ ಮುಖ. ಧಾರಾಳ ತಣ್ಣೀರು. ಮೂರು ವಾರಕ್ಕೊಮ್ಮೆ, ಅಷ್ಟೇ.

ಪೀಲ್ ಹಚ್ಚಿದಾಗ ಮುಖದ ಮೇಲೆ ಕಾಣುವ ಬಿಳುಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ಲಿನಿಕ್‌ನಲ್ಲಿ ಸ್ಯಾಲಿಸಿಲಿಕ್ ಆಮ್ಲದ ಪೀಲ್ ಮಾಡಿಸಿಕೊಂಡಾಗ ಮುಖದ ಮೇಲೆ ಬಿಳಿ ಪುಡಿ ಕೂತಿತ್ತು. ಅದು ದ್ರಾವಕ ಆರಿ ಉಳಿದ ಆಮ್ಲದ ಹರಳು, ಒರೆಸಿದರೆ ಹೋಗುತ್ತದೆ. ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಹಚ್ಚಿದಾಗಲೂ ಬಿಳುಪೇರುತ್ತದೆ, ಆದರೆ ಅದು ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿದ್ದು. ಒರೆಸಿದರೆ ಹೋಗುವಂಥದ್ದಲ್ಲ, ತೊಳೆದರೂ ಹಿಂದಕ್ಕೆ ಬರುವುದಿಲ್ಲ. ಟಿಸಿಎ ಬಾಟಲಿಯೂ ಸುಲಭವಾಗಿ ಸಿಗುತ್ತದೆ ಅನ್ನುವುದೇ ನನಗೆ ಹೆದರಿಕೆ. ಇಂಥ ತೀಕ್ಷ್ಣ ಪೀಲ್‌ಗಳನ್ನು ವೈದ್ಯರ ನಿಗಾ ಇಲ್ಲದೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತ್ತು.

ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಮುಟ್ಟಬಾರದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ತುಟಿಯ ಮೇಲೆ ಆಗಾಗ ಹರ್ಪಿಸ್ ಗುಳ್ಳೆ ಏಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಮಾರನೇ ದಿನ ಸಿಪ್ಪೆ ಏಳಲೇಬೇಕು ಅಂತೇನಿಲ್ಲ. ನನಗೆ ಎಷ್ಟೋ ಸಲ ಎದ್ದೇ ಇಲ್ಲ. ಎದ್ದರೂ ಉಗುರು ಹಾಕುವುದಿಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಕನಿಷ್ಠ ಒಂದು ವಾರ ತಪ್ಪಿಸುವಂತಿಲ್ಲ, ಚರ್ಮ ಅಷ್ಟು ದಿನ ಬಿಸಿಲಿಗೆ ಸೂಕ್ಷ್ಮವಾಗಿರುತ್ತದೆ.

ಕಲೆಗಳು ಸುಮಾರಾಗಿ ತಿಳಿಯಾಗಿವೆ. ಕೆನ್ನೆಯ ಎರಡು ಮೊಡವೆ ಗುಂಡಿ ಮಾತ್ರ ಇದ್ದ ಹಾಗೇ ಇವೆ. ಆ ಆಳಕ್ಕೆ ಈ ಆಮ್ಲ ಇಳಿಯುವುದಿಲ್ಲ. ಅದಕ್ಕೆ ಏನು ಮಾಡಬಹುದೆಂದು ಮುಂದಿನ ಸಲ ಹೋದಾಗ ಡಾಕ್ಟರನ್ನೇ ಕೇಳಬೇಕು.