ದೊಡ್ಡಪ್ಪನ 1970ರ ಸೀಕೋ ಕ್ರೊನೋಗ್ರಾಫ್: ಆ ಕಾಲದ ಪಾರ್ಟ್ಸೇ ಹಾಕಿದ ನನ್ನ ಅನುಭವ

ಹಳೇ ಸೀಕೋ ಕೈಗೆ ಬಂದರೆ ನಾನು ಮೊದಲು ವಾಚನ್ನು ತಿರುಗಿಸಿ ಹಿಂದಿನ ಮುಚ್ಚಳ ಓದುತ್ತೇನೆ. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷ, ಎರಡನೆಯದು ತಿಂಗಳು. 1ರಿಂದ 9 ಅಂದರೆ ಜನವರಿಯಿಂದ ಸೆಪ್ಟೆಂಬರ್, ಉಳಿದ ಮೂರು ತಿಂಗಳಿಗೆ ಓ, ಎನ್, ಡಿ ಅಕ್ಷರಗಳು. ದೊಡ್ಡಪ್ಪನ ವಾಚಿನಲ್ಲಿ 05 ಅಂತ ಶುರುವಾಗುತ್ತದೆ, ಮಾಡೆಲ್ 6139-6000, ಕ್ರೊನೋಗ್ರಾಫ್ ಅಂದರೆ ಸ್ಟಾಪ್‌ವಾಚ್ ಕೂಡ ಇರುವ ವಾಚು. ಈ 6139 ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರ, ಬಂದಿದ್ದು 1969ರಲ್ಲಿ, 70ರ ದಶಕ ಮುಗಿಯುವಷ್ಟರಲ್ಲಿ ನಿಂತೂಹೋಯಿತು. ಹಾಗಾಗಿ ಇದು 1970ರ ಮೇ ತಿಂಗಳದ್ದು, ಅನುಮಾನವೇ ಇಲ್ಲ. ಮೊದಲಿಗೆ 9 ಇದ್ದರೆ ಮಾತ್ರ ತಲೆಬಿಸಿ, 69ರದ್ದೋ 79ರದ್ದೋ ಅಂತ ಬೇರೆ ಗುರುತು ಹುಡುಕಬೇಕು.

ದೊಡ್ಡಪ್ಪ ಆಗ ಕುವೈತ್‌ನಲ್ಲಿದ್ದರು. ಕರಾವಳಿ ಕಡೆಯವರಿಗೆ ಗೊತ್ತಿರುತ್ತದೆ, ಗಲ್ಫಿನಿಂದ ಬಂದವರ ಕೈಯಲ್ಲಿ ಸೀಕೋ ಇದ್ದೇ ಇರುತ್ತಿತ್ತು. ಹಳದಿ ಡಯಲ್, ಕೆಂಪು ಸೆಕೆಂಡ್ ಮುಳ್ಳು, ಸುತ್ತ ನೀಲಿ-ಕೆಂಪು ಬೆಜೆಲ್. ಈಗ ಸಂಗ್ರಹಕಾರರು ಇದನ್ನು ‘ಪೋಗ್’ ಅಂತ ಕರೆಯುತ್ತಾರೆ. 1973ರ ನವೆಂಬರಿನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋಗಿ 84 ದಿನ ಇದ್ದ ಗಗನಯಾತ್ರಿ ವಿಲಿಯಂ ಪೋಗ್ ಇಂಥದ್ದೇ ಹಳದಿ ಸೀಕೋ ಒಂದನ್ನು ಅಧಿಕೃತ ಒಪ್ಪಿಗೆ ಇಲ್ಲದೆ ಜೊತೆಗೆ ಒಯ್ದಿದ್ದರು. ನಾಸಾ ಕೊಟ್ಟಿದ್ದು ಒಮೆಗಾ. ಆ ಕಥೆಯಿಂದ ಬೆಲೆ ಏರಿತು, ಬೆಲೆ ಏರಿದ ಮೇಲೆ ಡೂಪ್ಲಿಕೇಟ್ ಡಯಲ್‌ಗಳೂ ಬಂದವು.

ವಾಚು ನನ್ನ ಹತ್ತಿರ ಬಂದಾಗ ಗಾಜು ಒಡೆದಿತ್ತು. ಕೆಳಗಿನ ಬಟನ್ ಒಳಗೇ ಕೂತುಬಿಟ್ಟಿತ್ತು. ಪಕ್ಕದ ತಿರುಗಿಸುವ ಗುಂಡಿ, ಅಂದರೆ ಕ್ರೌನ್, ತಿರುಗಿಸಿದರೆ ಒಳಗಿನ ಹಳದಿ ರಿಂಗ್ ತಿರುಗಬೇಕು, ಅದರ ಹಲ್ಲು ಸವೆದು ಹೋಗಿತ್ತು. ಸ್ಟಾಪ್‌ವಾಚಿನ ಮೂವತ್ತು ನಿಮಿಷ ಎಣಿಸುವ ಚಿಕ್ಕ ಮುಳ್ಳು ಇರಲೇ ಇಲ್ಲ. ಡಯಲ್ ಮೇಲೆ ನಾಲ್ಕು ಗಂಟೆಯ ಹತ್ತಿರ ನೀರಿಳಿದ ಕಲೆ.

ರಿಪೇರಿ ಅಂಗಡಿಯವರೊಬ್ಬರು ನೋಡಿದ ತಕ್ಷಣ “ಡಯಲ್ ಹೊಸದು ಹಾಕ್ಬಿಡೋಣ ಸರ್, ಶೋರೂಮ್ ಪೀಸ್ ಥರ ಕಾಣುತ್ತೆ” ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಹೊಸ ಡಯಲ್ ಸೀಕೋದ್ದಲ್ಲ, ಯಾರೋ ಈಗ ಅಚ್ಚು ಹಾಕಿದ್ದು. ಮುಂಬೈ ಸ್ಪೆಷಲ್ ಅಂತ ಸಂಗ್ರಹಕಾರರು ನಗುವುದು ಇಂಥ ವಾಚುಗಳನ್ನು ನೋಡಿಯೇ ಅಲ್ವಾ? ಅಂಥ ಡಯಲ್‌ನ ಹಳದಿ ನಿಂಬೆಹಣ್ಣಿನ ಹಾಗೆ ಕಣ್ಣಿಗೆ ಹೊಡೆಯುತ್ತದೆ, ಅಕ್ಷರಗಳು ದಪ್ಪ, ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಒರಿಜಿನಲ್‌ನಲ್ಲಿ ನಡುವಿನಿಂದ ಹರಡುವ ಮಿನುಗು ಇರುವುದಿಲ್ಲ.

ಹಾಗಾಗಿ ಒಂದು ಗುಜರಿ 6139 ಕೊಂಡೆ, ಪಾರ್ಟ್ಸ್‌ಗೆ ಅಂತಲೇ. ಜಪಾನಿನಿಂದ ಬಂದಿದ್ದು, ಸೀರಿಯಲ್ ಪ್ರಕಾರ 1974. ಕೇಸ್ ತುಕ್ಕು ಹಿಡಿದಿತ್ತು, ಆದರೆ ಡಯಲ್ ಮಾತ್ರ ಒಂದು ಗೀರೂ ಇಲ್ಲದ ಹಾಗಿತ್ತು, ಅದೂ ಹಳದಿಯೇ! ಎತ್ತಿ ಕೂರಿಸಿದರೆ ಮುಗಿಯಿತು, ಸೀಕೋದ್ದೇ ಒರಿಜಿನಲ್ ಬೇರೆ. ಆದರೂ ಹಾಕಲಿಲ್ಲ. ಯಾಕೆಂದರೆ ಶುರುವಿನ ವಾಚುಗಳ ಡಯಲ್ ಮೇಲೆ ‘ವಾಟರ್ 70 ಮೀ ಪ್ರೂಫ್’ ಅಂತ ಇರುತ್ತದೆ, ಆಮೇಲೆ ಅದು ‘ರೆಸಿಸ್ಟ್’ ಆಯಿತು, ಕೊನೆಗೆ ಡಯಲ್ ಮೇಲಿಂದ ಆ ಸಾಲೇ ಹೋಯಿತು. ಹಿಂದಿನ ಮುಚ್ಚಳದಲ್ಲಿ ಪ್ರೂಫ್ ಇದ್ದು ಮುಂದೆ ಡಯಲ್ ಮೇಲೆ ಅದಿಲ್ಲದಿದ್ದರೆ ಅದು ಎರಡು ವಾಚಿನ ತುಂಡು ಸೇರಿಸಿದ್ದು, ಅಷ್ಟೇ. ಕಲೆ ಇದ್ದರೂ ದೊಡ್ಡಪ್ಪನ ಡಯಲ್ಲೇ ಇರಲಿ ಅಂದುಕೊಂಡೆ. ಅದನ್ನು ಒರೆಸುವುದಕ್ಕೂ ಹೋಗಲಿಲ್ಲ, ಒದ್ದೆ ಬಟ್ಟೆ ತಾಗಿದರೆ ಅಚ್ಚಾದ ಅಕ್ಷರವೇ ಎದ್ದು ಬರಬಹುದು. ಮುಳ್ಳುಗಳ ಮೇಲಿನ ಹೊಳೆಯುವ ಬಣ್ಣ ಸತ್ತಿದೆ, ಅದನ್ನೂ ಹೊಸದಾಗಿ ಬಳಿದಿಲ್ಲ.

ಗುಜರಿಯಿಂದ ತೆಗೆದುಕೊಂಡಿದ್ದು ಒಳಗಿನ ರಿಂಗ್, ಚಿಕ್ಕ ಮುಳ್ಳು, ಬಟನ್. ಮೂರನ್ನೂ ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ಹಳೆಯದರ ಪಕ್ಕ ಇಟ್ಟು ಅಳತೆ, ಬಣ್ಣ, ಅಂಕಿಯ ಆಕಾರ ಹೋಲಿಸಿದೆ. ಕಳೆದುಹೋದ ಮುಳ್ಳಿಗೆ ಹಳೇ ಫೋಟೋ ನೋಡಿಕೊಂಡೆ. ತಿಂಗಳೂ ಹೊಂದಬೇಕು ಅನ್ನುವ ಕಟ್ಟಾ ಜನ ಇದ್ದಾರೆ, ನನಗೆ ಅಷ್ಟೊಂದು ಮಡಿ ಇಲ್ಲ. ಆ ವರ್ಷಗಳಲ್ಲಿ ಸೀಕೋ ಸರ್ವಿಸ್ ಸೆಂಟರಿನವರು ಹಾಕಬಹುದಾಗಿದ್ದ ಪಾರ್ಟ್ ಆದರೆ ಸಾಕು. ಮೂವ್‌ಮೆಂಟ್ ಮಾತ್ರ ಬದಲಿಸಲಿಲ್ಲ. ದೊಡ್ಡಪ್ಪನದು 6139ಎ, ಗುಜರಿಯದು 6139ಬಿ, ಎಲ್ಲ ಪಾರ್ಟೂ ಒಂದಕ್ಕೊಂದು ಕೂರುವುದಿಲ್ಲ. ವಾರದ ಚಕ್ರವೂ ಬೇರೆ, ಜಪಾನಿನದರಲ್ಲಿ ಇಂಗ್ಲಿಷ್ ಜೊತೆ ಜಪಾನಿ ಅಕ್ಷರ ಬರುತ್ತದೆ. ಕುವೈತಿನಲ್ಲಿ ಕೊಂಡ ವಾಚಿಗೆ ಅದು ಯಾಕೆ?

ಇನ್ನು ಒಳಗಿನ ಕೆಲಸ. ಈ ಮೂವ್‌ಮೆಂಟಿನಲ್ಲಿ ಕಾಲಮ್ ವೀಲ್, ಅಂದರೆ ಸ್ಟಾಪ್‌ವಾಚನ್ನು ಶುರು ಮಾಡಿ ನಿಲ್ಲಿಸುವ ಚಕ್ರ ಇದೆ, ಜೊತೆಗೆ ಮುಳ್ಳಿಗೆ ಚಲನೆ ಕೊಡುವ ವರ್ಟಿಕಲ್ ಕ್ಲಚ್. ಹಳೇ ಸ್ವಿಸ್ ಕ್ರೊನೋಗ್ರಾಫ್‌ಗಳಲ್ಲಿ ಸಾಮಾನ್ಯವಾಗಿ ಒಂದು ಚಕ್ರ ಪಕ್ಕದಿಂದ ಬಂದು ಇನ್ನೊಂದರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಆಗ ಮುಳ್ಳು ಒಮ್ಮೊಮ್ಮೆ ಹಾರುತ್ತದೆ. ಇಲ್ಲಿ ಕ್ಲಚ್ ಮೇಲಿನಿಂದ ಒತ್ತಿ ಹಿಡಿಯುತ್ತದೆ, ಮುಳ್ಳು ನಯವಾಗಿ ಹೊರಡುತ್ತದೆ. ಬೇರೆ ಚಕ್ರಗಳನ್ನೆಲ್ಲ ಬಿಚ್ಚಿ ವೈಟ್ ಪೆಟ್ರೋಲಿನಲ್ಲಿ ತೊಳೆದೆ, ಆದರೆ ನಡುವಿನ ಕ್ರೊನೋಗ್ರಾಫ್ ಚಕ್ರವನ್ನು ಮಾತ್ರ ಅದರಲ್ಲಿ ಮುಳುಗಿಸಲಿಲ್ಲ, ಯಾಕೆಂದರೆ ಕ್ಲಚ್ ಒಳಗಿನ ಎಣ್ಣೆ ತೊಳೆದುಹೋದರೆ ಮತ್ತೆ ಹಾಕುವುದು ಸುಲಭವಲ್ಲ. ಹೊರಗಿನಿಂದ ಒರೆಸಿದೆ, ಅಷ್ಟೇ. ಬಟನ್ ಸಿಕ್ಕಿಕೊಂಡಿದ್ದಕ್ಕೆ ಕಾರಣ ಹಳೇ ಬೆವರು, ಗಟ್ಟಿಯಾಗಿ ಕೊಳೆ ಕಟ್ಟಿತ್ತು. ಡಯಾಶಾಕ್ ಸ್ಪ್ರಿಂಗ್ (ವಾಚಿಗೆ ಏಟು ತಾಗದಂತೆ ಕಾಯುವ ಸಣ್ಣ ಸ್ಪ್ರಿಂಗ್) ತೆಗೆಯುವಾಗ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟೇ ಕೆಲಸ ಮಾಡಿ, ಅದು ಹಾರಿದರೆ ಸಿಗುವುದಿಲ್ಲ.

ಸೆಕೆಂಡ್ ಮುಳ್ಳು ಕೂರಿಸುವುದು ಎಲ್ಲಕ್ಕಿಂತ ಕಷ್ಟ. ರೀಸೆಟ್ ಒತ್ತಿದಾಗ ಸುತ್ತಿಗೆ ಹೊಡೆದು ಚಕ್ರ ಫಟ್ ಅಂತ ಸೊನ್ನೆಗೆ ಬರುತ್ತದೆ. ಆ ಏಟಿಗೆ ಸಡಿಲ ಮುಳ್ಳು ಜಾರುತ್ತದೆ. ಅಂಟು ಹಾಕುವವರಿದ್ದಾರೆ, ದಯವಿಟ್ಟು ಬೇಡ, ಮುಂದೆ ತೆಗೆಯುವವರು ಶಾಪ ಹಾಕುತ್ತಾರೆ. ಮುಳ್ಳಿನ ಕೊಳವೆಯನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ರೀಸೆಟ್ ಬಟನ್ ಒತ್ತಿ ಹಿಡಿದು, ಹನ್ನೆರಡಕ್ಕೆ ನೇರ ಕೂರಿಸಿದೆ. ಆಮೇಲೆ ಸುಮ್ನೆ ಶುರು, ನಿಲ್ಲಿಸು, ರೀಸೆಟ್, ಮತ್ತೆ ಮತ್ತೆ. ಅಲುಗಲಿಲ್ಲ.

ಕೇಸನ್ನು ಪಾಲಿಶ್‌ಗೆ ಕೊಡಲಿಲ್ಲ, ಅಂಚು ದುಂಡಗಾದರೆ ಹೋದ ಲೋಹ ವಾಪಸ್ ಬರುವುದಿಲ್ಲ. ಗಾಜು, ಗ್ಯಾಸ್ಕೆಟ್ ಎರಡೂ ಈಗಿನವು. ಆ ವಿಷಯದಲ್ಲಿ ಹಠ ಮಾಡಿ ಲಾಭವಿಲ್ಲ, ಐವತ್ತು ವರ್ಷದ ರಬ್ಬರ್ ಯಾರಿಗೆ ಬೇಕು! ಡಯಲ್ ಮೇಲೆ 70 ಮೀಟರ್ ಅಂತ ಬರೆದಿದ್ದರೂ ಇದನ್ನು ಕಟ್ಟಿಕೊಂಡು ಕೈ ತೊಳೆಯುವಾಗಲೂ ಹುಷಾರು. ಇನ್ನೊಂದು ಮಾತು, ಇದರ ಕ್ರೌನ್ ಒಳಗೆ ಒತ್ತಿದರೆ ತಾರೀಖು, ಪೂರ್ತಿ ಒತ್ತಿದರೆ ವಾರ ಬದಲಾಗುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ಅದನ್ನು ಒತ್ತಬೇಡಿ, ಆಗ ಹಲ್ಲುಗಳು ಸಿಕ್ಕಿಕೊಂಡಿರುತ್ತವೆ. ಕೀಲಿ ಕೊಡಲು ನೋಡಬೇಡಿ, ಆ ಸೌಲಭ್ಯವೇ ಇಲ್ಲ. ನಿಂತಿದ್ದರೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲಾಡಿಸಿದರೆ ಹೊರಡುತ್ತದೆ.

1974ರ ಡಯಲ್ ಹಾಗೇ ಇದೆ. ‘ರೆಸಿಸ್ಟ್’ ಮುಚ್ಚಳದ 6139-6002 ಇಟ್ಟುಕೊಂಡು ಡಯಲ್ ಇಲ್ಲದೆ ಒದ್ದಾಡುತ್ತಿರುವವರು ಯಾರಾದರೂ ಇದ್ದರೆ ಹೇಳಿ.